ಸೊಂಟದ ಕೃತಕ ಕೀಲು ಮತ್ತು ಲೋಹಬಾಧೆ

ಸೊಂಟಕ್ಕೆ ಅಳವಡಿಸಿದ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಕೀಲು ಸವೆದು, ತುಕ್ಕು ಹಿಡಿದು ಬಿಡುವ ಕಣಗಳಿಂದಲೂ ಅಯಾನುಗಳಿಂದಲೂ ಆಗುವ ಹಾನಿ. ಗುಂಡು, ಬಟ್ಟಲು ಎರಡೂ ಲೋಹದ್ದಾದ ಕೀಲುಗಳಲ್ಲಿ ಹೆಚ್ಚು.

ಸವೆತ: ಪಾಲಿಥೀನ್ ಬಟ್ಟಲಿಗಿಂತ ಲೋಹದ ಬಟ್ಟಲು ಕಡಿಮೆ ಸವೆಯುತ್ತದೆಂಬುದೇ ಇಂಥ ಕೀಲಿನ ಆಕರ್ಷಣೆಯಾಗಿತ್ತು. ಒಟ್ಟು ಪ್ರಮಾಣದಲ್ಲಿ ಅದು ನಿಜ. ಆದರೆ ಲೋಹದ ಪುಡಿ ನ್ಯಾನೋಮೀಟರ್ ಗಾತ್ರದ್ದು, ಎಣಿಕೆಯಲ್ಲಿ ಹಲವು ಪಟ್ಟು ಹೆಚ್ಚು. ಅದನ್ನು ನುಂಗಿದ ಭಕ್ಷಕ ಕೋಶಗಳು ಸಾಯುತ್ತವೆ. ಸುತ್ತ ಉರಿಯೂತ, ದ್ರವದ ಗಂಟು, ಸ್ನಾಯುನಾಶ, ಮೂಳೆನಾಶ ಕಾಣಿಸಿಕೊಳ್ಳುತ್ತವೆ. ಬಟ್ಟಲನ್ನು ತೀರಾ ಕಡಿದಾಗಿ ಕೂರಿಸಿದರೆ ಭಾರವೆಲ್ಲ ಅಂಚಿನ ಮೇಲೆ ಬಿದ್ದು ಸವೆತ ಏರುತ್ತದೆ. ಡಿಪ್ಯೂ ಕಂಪನಿಯ ಎಎಸ್‌ಆರ್ ಮಾದರಿಯ ಬಟ್ಟಲು ಅರ್ಧಗೋಳಕ್ಕಿಂತ ಆಳ ಕಡಿಮೆಯದಾದ್ದರಿಂದ ಶಸ್ತ್ರವೈದ್ಯರ ಸಣ್ಣ ತಪ್ಪನ್ನೂ ಅದು ಸಹಿಸಲಿಲ್ಲ.

ದೇಹದ ಮೇಲೆ: ರಕ್ತದಲ್ಲಿ ಕೋಬಾಲ್ಟ್ ಅತಿಯಾದಾಗ ಹೃದಯಸ್ನಾಯು ದುರ್ಬಲವಾಗುವುದು, ಕಿವುಡು, ದೃಷ್ಟಿಮಾಂದ್ಯ, ಥೈರಾಯ್ಡ್ ಕುಂದುವುದು ವರದಿಯಾಗಿವೆ, ಆದರೆ ಇವು ವಿರಳ. ಬ್ರಿಟನ್ 2010ರಲ್ಲಿ ಸೂಚಿಸಿದ ಲೀಟರಿಗೆ 7 ಮೈಕ್ರೋಗ್ರಾಂ ಎಂಬ ಮಿತಿ ಮುಂದಿನ ತಪಾಸಣೆಗೆ ಕರೆಯೇ ಹೊರತು ರೋಗನಿರ್ಣಯವಲ್ಲ. ಇಲ್ಲಿನ ಕ್ರೋಮಿಯಂ ಬಹುತೇಕ ತ್ರಿವೇಲೆನ್ಸಿಯದು. ಕ್ರೋಮ್ ಲೇಪನದಲ್ಲಿ ಕಾರ್ಮಿಕರನ್ನು ಕಾಡುವ, ಕ್ಯಾನ್ಸರ್‌ಕಾರಕವೆಂದು ಸಿದ್ಧವಾದ ಷಡ್ವೇಲೆನ್ಸಿಯ ಕ್ರೋಮಿಯಂ ಬೇರೆ. ಅದರ ಭಯವನ್ನು ಇಲ್ಲಿಗೆ ತರಲಾಗದು. ಇಂಗ್ಲೆಂಡಿನ ನೋಂದಣಿ ದಾಖಲೆಗಳ ಅಧ್ಯಯನವೂ ಮೊದಲ ಏಳು ವರ್ಷಗಳಲ್ಲಿ ಕ್ಯಾನ್ಸರ್ ಹೆಚ್ಚಳ ಕಂಡಿಲ್ಲ.

ಭಾರತದಲ್ಲಿ: ಆಸ್ಟ್ರೇಲಿಯದ ಮಾರುಕಟ್ಟೆಯಿಂದ ಎಎಸ್‌ಆರ್ 2009ರ ಡಿಸೆಂಬರಿನಲ್ಲೇ ಹೊರಬಿತ್ತು; ಅಲ್ಲಿನ ಕೀಲು ನೋಂದಣಿ ಪುಸ್ತಕ ಮುಂಚೆಯೇ ಎಚ್ಚರಿಸಿತ್ತು. ಜಗತ್ತಿನಾದ್ಯಂತ ವಾಪಸಾತಿ 2010ರ ಆಗಸ್ಟಿನಲ್ಲಿ. ಭಾರತದಲ್ಲಿ ಮೊದಲು ಕೈಹಾಕಿದ್ದು ಕೇಂದ್ರವಲ್ಲ, ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತ. ಮಹೇಶ್ ಝಗಡೆ ಆಯುಕ್ತರಾಗಿದ್ದಾಗ ಅದು ಪೊಲೀಸರಿಗೆ ದೂರು ಕೊಟ್ಟು, ಕೇಂದ್ರಕ್ಕೂ ಬರೆಯಿತು. ಆಮದು ಪರವಾನಗಿ 2012ರಲ್ಲಿ ರದ್ದಾಯಿತು. ಡಾ. ಅರುಣ್ ಅಗರ್ವಾಲ್ ನೇತೃತ್ವದ ತಜ್ಞ ಸಮಿತಿ ನೇಮಕವಾದದ್ದು ಮಾತ್ರ 2017ರಲ್ಲಿ. ದೇಶದಲ್ಲಿ ನಡೆದ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ 3,600ರಷ್ಟು ರೋಗಿಗಳ ಸುಳಿವೇ ಸಿಕ್ಕಿರಲಿಲ್ಲ. ರಕ್ತಪರೀಕ್ಷೆಯ ಮಿತಿ ಎಷ್ಟಿರಬೇಕೆಂಬ ಚರ್ಚೆಗಿಂತ ದೊಡ್ಡ ಪ್ರಶ್ನೆ ಇದು: ಯಾರ ರಕ್ತ ಪರೀಕ್ಷಿಸಬೇಕು? ಆಸ್ಟ್ರೇಲಿಯದಂಥ ವ್ಯಾಪಕ ನೋಂದಣಿ ಇಲ್ಲಿರಲಿಲ್ಲ. ವೈದ್ಯಕೀಯ ಸಾಧನಗಳ ದುಷ್ಪರಿಣಾಮ ದಾಖಲಿಸುವ ಕಾರ್ಯಕ್ರಮ ಶುರುವಾದದ್ದೇ 2015ರಲ್ಲಿ.

ಸರ್ಕಾರ 2018ರಲ್ಲಿ ವಯಸ್ಸು, ಅಂಗವೈಕಲ್ಯಗಳನ್ನು ಲೆಕ್ಕಕ್ಕೆ ಹಿಡಿದು 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗಿನ ಪರಿಹಾರಸೂತ್ರ ಪ್ರಕಟಿಸಿತು. ಮಾತೃಸಂಸ್ಥೆ ಜಾನ್ಸನ್ ಅಂಡ್ ಜಾನ್ಸನ್ ಅದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿತು; ಮರುಶಸ್ತ್ರಚಿಕಿತ್ಸೆ ಆದವರಿಗೆ 25 ಲಕ್ಷ ಕೊಡಲು 2019ರಲ್ಲಿ ಮುಂದಾಯಿತು.

ಚಿಕಿತ್ಸೆ: ನೋವು, ಊತವಿದ್ದವರಿಗೆ ರಕ್ತಪರೀಕ್ಷೆಯೊಂದಿಗೆ ಲೋಹದ ಬಿಂಬದೋಷ ತಗ್ಗಿಸುವ ಎಂಆರ್‌ಐ ಬೇಕು. ಕೀಲು ಬದಲಿಸಿದ ಮೇಲೆ ರಕ್ತದ ಕೋಬಾಲ್ಟ್ ಇಳಿಯುತ್ತದೆ. ಮೂತ್ರಪಿಂಡ ದುರ್ಬಲವಾಗಿದ್ದರೆ ನಿಧಾನ. ನಾಶವಾದ ಸ್ನಾಯು ಮರಳುವುದಿಲ್ಲ, ಹಾಗಾಗಿ ಗಂಟು ಬೆಳೆಯುತ್ತಿದ್ದರೆ ನೋವಿಲ್ಲವೆಂದು ಕಾಯುವುದು ಸಲ್ಲದು.