ಸರ್ವರ್ ಖಾಲಿ ಆಗೋದು ಯಾಕೆ? 1978ರ ಒಂದು ಆಟದಿಂದ ನಾನು ತಡವಾಗಿ ಕಲಿತದ್ದು

ಇವತ್ತಿನ ಎಪಿಸೋಡ್‌ನಲ್ಲಿ ರಾಜರೂ ಇಲ್ಲ, ಯುದ್ಧವೂ ಇಲ್ಲ. ಇವತ್ತು ಆನ್‌ಲೈನ್ ಆಟಗಳ ಇತಿಹಾಸ. ಅದಕ್ಕೂ ಮೊದಲು ನನ್ನದೇ ಒಂದು ಸೋಲಿನ ಲೆಕ್ಕ ಒಪ್ಪಿಸಿಬಿಡ್ತೀನಿ.

2020ರ ಲಾಕ್‌ಡೌನ್. ಬಿಕಾಂ ಮುಗಿದಿತ್ತು, ಕೆಲಸ ಇರಲಿಲ್ಲ. ಐದು ಜನ ಸ್ನೇಹಿತರು ದುಡ್ಡು ಹಾಕಿ ಒಂದು ಸರ್ವರ್ ಬಾಡಿಗೆಗೆ ತಗೊಂಡ್ವಿ. ಪಾತ್ರ ವಹಿಸಿಕೊಂಡು ಆಡುವ ಆಟ, ಅಂದರೆ ರೋಲ್ ಪ್ಲೇಯಿಂಗ್. ಒಂದು ಹಳ್ಳಿ, ಒಬ್ಬ ಪಟೇಲ, ಒಬ್ಬ ಶಾನುಭೋಗ, ವಾರಕ್ಕೊಂದು ಸಂತೆ. ಎರಡು ತಿಂಗಳಲ್ಲಿ ದಿನಾ ರಾತ್ರಿ ನಲವತ್ತು ಜನ ಸೇರೋರು. ಐದನೇ ತಿಂಗಳಿಗೆ ಒಬ್ಬರೂ ಇಲ್ಲ. ಯಾಕೆ ಅಂತ ಆಗ ನನಗೆ ಗೊತ್ತಾಗಲಿಲ್ಲ.

ಈಗ 1978ಕ್ಕೆ ಹೋಗೋಣ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯ. ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಒಂದು ಆಟ ಬರೆದ. ಹೆಸರು ಮಲ್ಟಿ ಯೂಸರ್ ಡಂಜನ್, ಚಿಕ್ಕದಾಗಿ ಮಡ್. ಚಿತ್ರ ಇಲ್ಲ, ಬರೀ ಅಕ್ಷರ. ಉತ್ತರಕ್ಕೆ ಹೋಗು ಅಂತ ಟೈಪ್ ಮಾಡಿದರೆ ಮುಂದಿನ ಜಾಗದ ವರ್ಣನೆ ಪರದೆ ಮೇಲೆ ಬರುತ್ತಿತ್ತು. ವಿಶೇಷ ಏನಂದರೆ, ಆ ಜಾಗದಲ್ಲಿ ಅದೇ ಹೊತ್ತಿಗೆ ಇನ್ನೊಬ್ಬ ಮನುಷ್ಯನೂ ಇರಬಹುದಿತ್ತು. 1980ರಲ್ಲಿ ಆಟದ ಜವಾಬ್ದಾರಿ ರಿಚರ್ಡ್ ಬಾರ್ಟಲ್ ಕೈಗೆ ಬಂತು.

ಹೊರಗಿನವರಿಗೂ ಆಡಲು ಅವಕಾಶ ಇತ್ತು. ಆದರೆ ಕ್ಯಾಂಪಸ್ಸಿನ ಕಂಪ್ಯೂಟರ್‌ಗೆ ಬೇರೆ ಕೆಲಸ ಇಲ್ಲದ ಅಪರಾತ್ರಿಯಲ್ಲಿ ಮಾತ್ರ. ಫೋನ್ ಲೈನ್ ಮೂಲಕ ಸೇರಬೇಕು, ಬಿಲ್ಲು ಅವರವರದ್ದೇ. ಆದರೂ ಜನ ನಿದ್ದೆಗೆಟ್ಟು ಬಂದರು. ಯಾಕಂದ್ರೆ ಸಾಕಷ್ಟು ಅಂಕ ಗಳಿಸಿದವರು ಆ ಆಟದಲ್ಲಿ ವಿಝರ್ಡ್, ಅಂದರೆ ಮಾಂತ್ರಿಕ ಆಗುತ್ತಿದ್ದರು. ಮಾಂತ್ರಿಕರಿಗೆ ಆ ಲೋಕವನ್ನೇ ನೋಡಿಕೊಳ್ಳುವ ಅಧಿಕಾರ ಸಿಗುತ್ತಿತ್ತು. ಆಟ ಗೆದ್ದವನು ಎದ್ದು ಹೋಗದೆ ಅಲ್ಲೇ ಉಳಿಯೋಕೆ ಅದೊಂದು ಕಾರಣ.

ಹತ್ತು ವರ್ಷ ಕಳೆಯುವಷ್ಟರಲ್ಲಿ ಮಡ್‌ಗೆ ಮಕ್ಕಳು ಮೊಮ್ಮಕ್ಕಳು ಹುಟ್ಟಿಕೊಂಡವು. 1989ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಆಸ್ಪ್ನೆಸ್ 'ಟೈನಿಮಡ್' ಮಾಡಿದ. ಅಲ್ಲಿ ಹೊಡೆದಾಟಕ್ಕಿಂತ ಹರಟೆ ಮುಖ್ಯ, ಆಟಗಾರರೇ ಹೊಸ ಕೋಣೆಗಳನ್ನು ಕಟ್ಟಬಹುದಿತ್ತು. ಅದರ ಬೆನ್ನಿಗೇ ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 'ಡೀಕುಮಡ್' ಬರೆದು, ಅದರ ಕೋಡ್ ಎಲ್ಲರಿಗೂ ಪುಕ್ಕಟೆ ಕೊಟ್ಟರು. ಷರತ್ತುಗಳಲ್ಲಿ ಒಂದು, ಇದರಿಂದ ಲಾಭ ಮಾಡಬಾರದು. ಆಮೇಲೆ ಕಂಪ್ಯೂಟರ್ ಸಿಕ್ಕವರೆಲ್ಲ ಸರ್ವರ್ ತೆರೆದರು. ಎಷ್ಟೋ ಸರ್ವರ್‌ಗಳು ಒಂದೇ ಅಚ್ಚಿನಲ್ಲಿ ತೆಗೆದ ಇಡ್ಲಿ ಥರ. ಹಾಗಾದರೆ ಆಟಗಾರ ನಿಮ್ಮಲ್ಲೇ ಯಾಕೆ ಉಳಿಯಬೇಕು?

ಇದಕ್ಕೆ ಒಂದು ಒಳ್ಳೆಯ ಉತ್ತರ ಬಂದದ್ದು ಅದೇ ಬಾರ್ಟಲ್ ಅವರಿಂದ. ಜನ ಮಡ್‌ಗೆ ಬರೋದು ಯಾಕೆ ಅಂತ ಹಳೇ ಆಟಗಾರರು ತಿಂಗಳುಗಟ್ಟಲೆ ವಾದ ಮಾಡಿದ್ದರು. ಆ ವಾದವನ್ನೆಲ್ಲ ಸೋಸಿ ಅವರು 1996ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅದರಲ್ಲಿ ಆಟಗಾರರನ್ನು ಇಸ್ಪೀಟ್ ಎಲೆಗಳ ಥರ ನಾಲ್ಕು ಗುಂಪು ಮಾಡಿದ್ದಾರೆ. ಅಂಕ, ನಿಧಿ ಅಂತ ಓಡುವ ಸಾಧಕರು ಡೈಮಂಡ್. ಮೂಲೆ ಮೂಲೆ ಕೆದಕುವ ಅನ್ವೇಷಕರು ಇಸ್ಪೀಟ್, ಇಂಗ್ಲಿಷಿನಲ್ಲಿ ಆ ಎಲೆಯ ಹೆಸರಿಗೆ ಗುದ್ದಲಿ ಅನ್ನುವ ಅರ್ಥವೂ ಇದೆ. ಮಾತಿಗಾಗಿ ಬರುವ ಸ್ನೇಹಜೀವಿಗಳು ಆಟೀನ್. ಇನ್ನೊಬ್ಬರನ್ನು ಬಡಿಯೋದರಲ್ಲೇ ಖುಷಿ ಪಡುವವರು ಕಳಾವರ್, ಆ ಎಲೆಯ ಇಂಗ್ಲಿಷ್ ಹೆಸರಿಗೆ ದೊಣ್ಣೆ ಅನ್ನುವ ಅರ್ಥವೂ ಇದೆ.

ಆ ಲೇಖನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಗುಂಪುಗಳು ಒಂದರ ಮೇಲೊಂದು ಬೀರುವ ಪರಿಣಾಮ. ಹೊಡೆಯುವವರು ಹೆಚ್ಚಾದರೆ ಮಾತಾಡುವವರು ಹೊರಡುತ್ತಾರೆ. ಮಾತಾಡುವವರು ಕಮ್ಮಿ ಆದರೆ, ಉಳಿದ ಮಾತುಗಾರರಿಗೂ ಅಲ್ಲಿ ಕೆಲಸ ಇಲ್ಲ, ಅವರೂ ಹೊರಡುತ್ತಾರೆ. ಒಂದು ಸಲ ಈ ಇಳಿಜಾರು ಶುರುವಾದರೆ ತಡೆಯೋದು ಕಷ್ಟ.

ನಮ್ಮ ಹಳ್ಳಿಯಲ್ಲೂ ಒಬ್ಬರು ಆಟೀನ್ ಇದ್ದರು. ಹಾಸನದವರು, ನಮಗಿಂತ ದೊಡ್ಡವರು, ಎಲ್ಲರೂ ಅಕ್ಕ ಅಂತಿದ್ವಿ. ಹೊಸಬರು ಬಂದಿಳಿಯುವ ಜಾಗದಲ್ಲೇ ಅವರದ್ದೊಂದು ಟೀ ಅಂಗಡಿ. "ಬಾರಪ್ಪ, ಹೊಸಬನಾ? ಕೂತ್ಕೋ, ಊರು ತೋರಿಸ್ತೀನಿ" ಅನ್ನೋರು. ಇನ್ನೊಬ್ಬ ನನ್ನ ಸ್ನೇಹಿತ, ಪಕ್ಕಾ ಕಳಾವರ್. ಹೊಸಬರ ಮನೆ ಲೂಟಿ ಮಾಡೋದು, ಕೊಲ್ಲೋದು, ನಗೋದು. ಅಕ್ಕ ಎರಡು ಸಲ ನನಗೆ ಹೇಳಿದರು. ನಾನು "ಆಟ ಅಲ್ವಾ ಅಕ್ಕಾ, ಬಿಡಿ" ಅಂದೆ. ನಿಜ ಏನಂದ್ರೆ, ಬಾಡಿಗೆಯಲ್ಲಿ ಅರ್ಧ ಕೊಡ್ತಿದ್ದದ್ದು ಅವನೇ. ಅವನ ದುಡ್ಡು ನನ್ನ ಎಕ್ಸೆಲ್ ಶೀಟ್‌ನಲ್ಲಿತ್ತು. ಅಕ್ಕನ ಟೀ ಅಂಗಡಿ ಇರಲಿಲ್ಲ.

ಒಂದು ದಿನ ಅಕ್ಕ ಬರಲಿಲ್ಲ. ಆಮೇಲೆ ಬರಲೇ ಇಲ್ಲ. ಮೂರು ವಾರದಲ್ಲಿ ಹಳ್ಳಿ ಪಾಳು ಬಿತ್ತು. ಹೊಡೆಯೋಕೆ ಯಾರೂ ಸಿಗದೆ ಕೊನೆಗೆ ಅವನೂ ಹೋದ. ನಾನು ಮಾತ್ರ ಹೊಸ ಮ್ಯಾಪ್ ಹಾಕ್ತಾ, ಗ್ರೂಪ್‌ಗಳಲ್ಲಿ ಪೋಸ್ಟರ್ ಹಂಚ್ತಾ ಇದ್ದೆ. ಬಂದವರು ಖಾಲಿ ಬೀದಿ ನೋಡಿ ವಾಪಸ್ ಹೋಗೋರು.

ನೀವೂ ಸರ್ವರ್ ನಡೆಸ್ತಾ ಇದ್ದರೆ ಒಂದೇ ಮಾತು. ಹೊಸಬರನ್ನು ಕರೆಯುವ ಮೊದಲು, ಬಂದವರನ್ನು ಮಾತಾಡಿಸೋರು ಯಾರು ಅಂತ ನೋಡಿ. ಅವರು ದೂರು ಹೇಳಿದರೆ ಮೊದಲನೇ ಸಲವೇ ಕೇಳಿಸಿಕೊಳ್ಳಿ.

ಈ ಎಪಿಸೋಡ್ ಬರೆಯುವಾಗ ಅಕ್ಕನಿಗೆ ಮೆಸೇಜ್ ಮಾಡಿ ಕ್ಷಮೆ ಕೇಳಿದೆ. "ಹಳೇದು ಬಿಡಪ್ಪ. ಹೊಸದೇನಾದ್ರೂ ಶುರು ಮಾಡಿದ್ರೆ ಹೇಳು" ಅಂದರು. ಇನ್ನೂ ಶುರು ಮಾಡಿಲ್ಲ. ಮಾಡಿದರೆ ಮೊದಲು ಕಟ್ಟೋದು ಟೀ ಅಂಗಡಿ. ಮುಂದಿನ ವಾರ ಸಿಗೋಣ.