ಕ್ಯಾಂಪಸ್ ನೇಮಕಾತಿ (ಬೆಂಗಳೂರು)

ಪದವಿ ಕೈಸೇರುವ ಮೊದಲೇ ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಕಂಪನಿಗಳು ಕಾಲೇಜಿನ ಮೂಲಕ ಕೆಲಸಕ್ಕೆ ಆರಿಸಿಕೊಳ್ಳುವ ಪದ್ಧತಿ. ಹಳೆಯ ಬೆಂಗಳೂರಿನಲ್ಲಿ ಇದರ ನೆಲೆಗಳಲ್ಲಿ ಎರಡು: ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1917ರಲ್ಲಿ ಆರಂಭವಾದ, ಕೆ.ಆರ್. ವೃತ್ತದ ಯುವಿಸಿಇ (ಯೂನಿವರ್ಸಿಟಿ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜು) ಮತ್ತು 1946ರಲ್ಲಿ ಹುಟ್ಟಿದ ಬಸವನಗುಡಿಯ ಬಿ.ಎಂ.ಎಸ್. ಎಂಜಿನಿಯರಿಂಗ್ ಕಾಲೇಜು.

ಆಯ್ಕೆ ಸಾಮಾನ್ಯವಾಗಿ ಅಂಕಗಳ ಕಟ್‌ಆಫ್‌ನಿಂದ ಶುರುವಾಗುತ್ತದೆ; ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇದ್ದವರು ಎಷ್ಟೋ ಕಡೆ ಇಲ್ಲೇ ಹೊರಬೀಳುತ್ತಾರೆ. ಆಮೇಲೆ ಆಪ್ಟಿಟ್ಯೂಡ್ ಪರೀಕ್ಷೆ, ತಾಂತ್ರಿಕ ಸಂದರ್ಶನ, ಕೊನೆಗೆ ಎಚ್‌ಆರ್ ಮಾತುಕತೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ವಿಷಯಕ್ಕಿಂತ ಇಂಗ್ಲಿಷ್ ಮಾತೇ ದೊಡ್ಡ ತೊಡಕು. ಕಾಲೇಜುಗಳ ಪ್ಲೇಸ್‌ಮೆಂಟ್ ಸೆಲ್‌ಗಳು ಇಂಗ್ಲಿಷ್ ತರಬೇತಿಯನ್ನು ಕೊನೆಯ ಸೆಮಿಸ್ಟರಿಗೆ ಬಿಡುವುದು ತಡವೇ ಸರಿ. ಕಂಪನಿಗಳು ಕಾಲಿಡದ ಜಿಲ್ಲಾ ಕಾಲೇಜುಗಳ ಪದವೀಧರರ ಪಾಲಿಗೆ ಉಳಿಯುವುದು ನೇರವಾಗಿ ಹೋಗಿ ಎದುರಿಸುವ ವಾಕ್‌ಇನ್ ಸಂದರ್ಶನ. ಅದಕ್ಕಾಗಿ ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಗ್ಗೆ ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಇಳಿದು, ಫೈಲು ಹಿಡಿದು ಅಲ್ಲಿಂದ ಸಿಟಿ ಬಸ್ಸೋ ಮೆಟ್ರೋವೋ ಹತ್ತಬೇಕು.

ಆಫರ್ ಲೆಟರ್ ಸಿಕ್ಕಿದ ಮಾತ್ರಕ್ಕೆ ಕೆಲಸ ಸಿಕ್ಕಂತಲ್ಲ. 2022ರಲ್ಲಿ ಪದವಿ ಮುಗಿಸಿದ ಹಲವರು ಸೇರ್ಪಡೆಗೆ ಬಹುಕಾಲ ಕಾದರು. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ ತನ್ನ ಮೈಸೂರು ಕೇಂದ್ರದಲ್ಲಿ, ಆಂತರಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗದ 300ಕ್ಕೂ ಹೆಚ್ಚು ತರಬೇತಿ ನಿರತರನ್ನು ಕೈಬಿಟ್ಟಿತು.

ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ ಕೊಡುವ ರಾಜ್ಯ ಸರ್ಕಾರದ ಯುವನಿಧಿ ಯೋಜನೆಗೆ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ದೊರೆಯಿತು. ಈ ನೆರವು ಗರಿಷ್ಠ ಎರಡು ವರ್ಷ ಮಾತ್ರ. ನಡುವೆ ಕೆಲಸ ಸಿಕ್ಕರೆ ಅಲ್ಲಿಗೆ ನಿಲ್ಲುತ್ತದೆ.