ಜಪಾನ್ ಕಲಿಸಿದ ಪಾಠ, ನರೋಣಾ ಕಲಿಯದ ಭಾಷೆ

1922ರಲ್ಲಿ ಹೈದರಾಬಾದ್ ಸಂಸ್ಥಾನದ ಶಿಕ್ಷಣ ನಿರ್ದೇಶಕ ಸಯ್ಯದ್ ರಾಸ್ ಮಸೂದ್ ಜಪಾನಿಗೆ ಹೋದರು. ಸರ್ ಸಯ್ಯದ್ ಅಹ್ಮದ್ ಖಾನರ ಮೊಮ್ಮಗನಾದ ಇವರು ಅಲ್ಲಿನ ಶಿಕ್ಷಣ ವ್ಯವಸ್ಥೆಯನ್ನು ಅಭ್ಯಸಿಸಿ ಪುಸ್ತಕ ಬರೆದರು. 1872ರಲ್ಲಿ ದೇಶಕ್ಕೆಲ್ಲ ಶಾಲಾ ಕಾಯ್ದೆ ತಂದ ಜಪಾನ್, ಪಶ್ಚಿಮದ ವಿಜ್ಞಾನವನ್ನು ಸ್ವಂತ ಭಾಷೆಯಲ್ಲೇ ಕಲಿಸುತ್ತಿತ್ತು.

ಹೈದರಾಬಾದ್ ಕೂಡ ಇಂಥದೇ ದಾರಿ ಹಿಡಿದಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲಿ ಉನ್ನತ ಶಿಕ್ಷಣ ನೀಡಿತು. ಪಠ್ಯಗಳಿಗಾಗಿ ಅನುವಾದ ವಿಭಾಗವನ್ನೇ ಕಟ್ಟಿತು. ಇಂಗ್ಲಿಷ್ ಮಾಧ್ಯಮವೇ ರೂಢಿಯಾಗಿದ್ದ ಕಾಲದಲ್ಲಿ ಇದು ಸಣ್ಣ ಸಾಧನೆಯಲ್ಲ.

ಆದರೆ ಒಂದು ವ್ಯತ್ಯಾಸವಿತ್ತು. ಜಪಾನಿನ ಬಹುಪಾಲು ಮಕ್ಕಳಿಗೆ ಶಾಲೆಯ ಭಾಷೆ ಅಪರಿಚಿತವಾಗಿರಲಿಲ್ಲ. ಸಂಸ್ಥಾನದಲ್ಲಿ ಉರ್ದು ಮನೆಮಾತಾಗಿದ್ದುದು ಸುಮಾರು ಹತ್ತರಲ್ಲಿ ಒಬ್ಬರಿಗೆ. ಉಳಿದವರಲ್ಲಿ ಹೆಚ್ಚಿನವರದು ತೆಲುಗು, ಮರಾಠಿ, ಕನ್ನಡ. ಆಗ ಈ ಸಂಸ್ಥಾನಕ್ಕೆ ಸೇರಿದ್ದ ಆಳಂದ ತಾಲೂಕಿನ ನರೋಣಾದಂಥ ಊರಿನ ಕನ್ನಡದ ಹುಡುಗ ಮುಂದೆ ಓದಬೇಕೆಂದರೆ ಮನೆಮಾತನ್ನು ಹೊಸ್ತಿಲಲ್ಲೇ ಬಿಡಬೇಕಿತ್ತು. ಗಡಿಯಾಚೆಯ ಮುಂಬಯಿ ಕರ್ನಾಟಕದಲ್ಲಾದರೋ ಡೆಪ್ಯುಟಿ ಚನ್ನಬಸಪ್ಪನವರ ಶ್ರಮದಿಂದ ಕನ್ನಡ ಶಾಲೆಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಬೇರೂರಿದ್ದವು.

ತಪ್ಪು ಉರ್ದುವಿನದಲ್ಲ. ಎಲ್ಲ ಮಕ್ಕಳಿಗೂ ಒಂದೇ ಭಾಷೆ ಸಾಕೆಂದುಕೊಂಡ ಆಡಳಿತದ್ದು. ಸಂಸ್ಥಾನ 1948ರಲ್ಲಿ ಭಾರತಕ್ಕೆ ಸೇರಿತು. ಆ ಆಡಳಿತ ಹೋಯಿತು, ಆ ಭಾವನೆ ಹೋಗಲಿಲ್ಲ. ಉರ್ದುವಿನ ಜಾಗದಲ್ಲಿ ಇಂಗ್ಲಿಷನ್ನು ಕೂರಿಸುತ್ತಿರುವ ನಾವು, ಮನೆಮಾತು ಕನ್ನಡವಾಗಲಿ ಉರ್ದುವಾಗಲಿ, ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಮೊದಲ ಪಾಠ ಹೇಳುತ್ತಿದ್ದೇವೆಯೇ?